ಹುಳು ಮನೆಗೆ ಬಂದ ಯೂರಿಯಾ ಬಕೆಟ್

ಚಿಂತಾಮಣಿ ಹತ್ತಿರದ ಹಳ್ಳಿ ನಮ್ಮದು. ಮೂರು ಲಾರಿ ಇವೆ. ಸೀಸನ್‌ನಲ್ಲಿ ಟೊಮೆಟೊ ಹೇರಿಕೊಂಡು ಬಾಗೇಪಲ್ಲಿ ದಾಟಿ ಹೈದರಾಬಾದ್, ನಾಗಪುರ, ದೆಹಲಿ ಅಂತ ಓಡುತ್ತವೆ. ಮೂರೂ ಬಿಎಸ್-6, ಅಂದರೆ ಹೊಗೆ ಮಿತಿಯ ಹೊಸ ನಿಯಮದ ಗಾಡಿಗಳು. ಅವಕ್ಕೆ ಡೀಸೆಲ್ ಜೊತೆ ಡಿಇಎಫ್ ಅನ್ನೋ, ಹೊಗೆಯ ವಿಷ ಕಮ್ಮಿ ಮಾಡುವ ದ್ರವ ಬೇರೆ ಟ್ಯಾಂಕಿನಲ್ಲಿ ಬೇಕೇ ಬೇಕು. ಡ್ರೈವರ್‌ಗಳ ಬಾಯಲ್ಲಿ ಅದು ಬರೀ ‘ಯೂರಿಯಾ’. 100 ಲೀಟರ್ ಡೀಸೆಲ್‌ಗೆ ಹೆಚ್ಚುಕಮ್ಮಿ 5 ಲೀಟರ್ ಹಿಡಿಯುತ್ತದೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಒಳ್ಳೆ ರೇಟಿಗೆ ಸಿಕ್ಕಿತು ಅಂತ 20 ಲೀಟರಿನ 30 ಬಕೆಟ್ ಒಟ್ಟಿಗೆ ತಂದೆ. ಶೆಡ್ಡಿನ ಪಡುವಣ ಗೋಡೆಗೆ ಜೋಡಿಸಿಟ್ಟೆ. ಮೇಲೆ ಜಿಂಕ್ ಶೀಟು. ಏಪ್ರಿಲ್ ಮಧ್ಯಾಹ್ನ ಅಲ್ಲಿ ಹತ್ತು ನಿಮಿಷ ನಿಲ್ಲೋಕೆ ಆಗಲ್ಲ. ಬಕೆಟ್‌ಗಳು ನಿಂತೇ ಇದ್ದವು.

ಜೂನ್‌ನಲ್ಲಿ ಆದಿಲಾಬಾದ್ ಹತ್ತಿರದಿಂದ ಡ್ರೈವರ್ ಫೋನ್ ಮಾಡಿದ. “ಅಣ್ಣಾ, ಲೈಟ್ ಬಂದಿದೆ, ಗಾಡಿ ಎಳೀತಿಲ್ಲ.” ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಯೂರಿಯಾ ಚಿಮ್ಮುವ ನಾಝಲ್‌ಗೆ ಉಪ್ಪಿನ ಹಾಗೆ ಬಿಳಿ ಹರಳು ಕಟ್ಟಿತ್ತು. ಯೂರಿಯಾ ಟ್ಯಾಂಕ್ ಖಾಲಿ ಮಾಡಿ ತೊಳೆದು ಹೊರಡುವಷ್ಟರಲ್ಲಿ ಒಂದೂವರೆ ದಿನ ಹೋಯಿತು. ಟೊಮೆಟೊ ಕಾಯುವುದಿಲ್ಲವಲ್ಲ. ಮಾರ್ಕೆಟ್ ಸೇರುವಾಗ ಅರ್ಧ ಬಾಕ್ಸ್‌ಗಳು ನೀರು ಬಿಟ್ಟಿದ್ದವು.

ಆಮೇಲೆ ಶೆಡ್ಡಿನಲ್ಲಿ ಉಳಿದ ಬಕೆಟ್ ತೆರೆದೆ. ಕಣ್ಣು ಮೂಗು ಉರಿಯುವಂಥ ವಾಸನೆ. ಅದು ಅಮೋನಿಯಾ. ಹೊಸ ಮಾಲಿಗೆ ಅಂಥ ಘಾಟು ಇರುವುದಿಲ್ಲ.

ಡಿಇಎಫ್ ಅಂದರೆ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಸಿ ಹೆಚ್ಚಾದರೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮುಚ್ಚಳ ಸಡಿಲ ಇದ್ದರೆ ನೀರೂ ಆರಿ, ಮಿಕ್ಕಿದ್ದು ಗಟ್ಟಿಯಾಗುತ್ತದೆ. 25 ಡಿಗ್ರಿ ಒಳಗೆ ಇಟ್ಟರೆ 18 ತಿಂಗಳು ಬಾಳಿಕೆ. 30 ಡಿಗ್ರಿಯಲ್ಲಿ ಒಂದು ವರ್ಷ. 35ರಲ್ಲಿ ಬರೀ ಆರು ತಿಂಗಳು. ಅದಕ್ಕಿಂತ ಮೇಲೆ ಹೋದರೆ ತಿಂಗಳ ಲೆಕ್ಕವೇ ನಡೆಯಲ್ಲ, ಹಾಕುವ ಮುಂಚೆ ಪರೀಕ್ಷೆ ಮಾಡಲೇಬೇಕು. ನಾನು ಬಕೆಟ್ ಮೇಲಿನ ತಾರೀಖನ್ನು ಮಾತ್ರ ನಂಬಿದ್ದೆ.

ಈಗ ಡಿಇಎಫ್‌ಗೆಂದೇ ಬರುವ ರಿಫ್ರಾಕ್ಟೋಮೀಟರ್ ಇಟ್ಟುಕೊಂಡಿದ್ದೇನೆ. ನೂರಕ್ಕೆ ಎಷ್ಟು ಪಾಲು ಯೂರಿಯಾ ಇದೆ ಅಂತ ಅದು ತೋರಿಸುತ್ತದೆ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಸಾಕು. 31.8ರಿಂದ 33.2ರ ಒಳಗೆ ತೋರಿಸಬೇಕು. ಅದರಲ್ಲಿ ನೋಡಿದಾಗ ಅರ್ಧ ಬಳಸಿದ್ದ ಒಂದು ಬಕೆಟ್ 35 ದಾಟಿತ್ತು. ಪಕ್ಕದವರೊಬ್ಬರು “ಸ್ವಲ್ಪ ನೀರು ಬೆರೆಸಪ್ಪ, ಸರಿಹೋಗುತ್ತೆ” ಅಂದರು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಆ ಸುಣ್ಣ ಸೈಲೆನ್ಸರ್ ಕಡೆಯ ಕ್ಯಾಟಲಿಸ್ಟ್‌ಗೆ, ಅಂದರೆ ಹೊಗೆ ಶುದ್ಧ ಮಾಡುವ ಭಾಗಕ್ಕೆ ಹೋದರೆ ಖರ್ಚು ಲಕ್ಷದ ಲೆಕ್ಕದಲ್ಲಿ. ಗೊಬ್ಬರದ ಯೂರಿಯಾ ಕರಗಿಸುವವರೂ ಇದ್ದಾರೆ. ದಯವಿಟ್ಟು ಬೇಡ, ಅದಕ್ಕೆ ಬೇವಿನ ಎಣ್ಣೆ ಸವರಿರುತ್ತಾರೆ.

ಬಕೆಟ್ ಇಡೋದೆಲ್ಲಿ ಅಂತ ಯೋಚಿಸುವಾಗ ಹಳೇ ಹುಳು ಮನೆ ನೆನಪಾಯಿತು. ಅಪ್ಪ ರೇಷ್ಮೆ ಸಾಕುತ್ತಿದ್ದ ಮನೆ. ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು. ಅವರು ನೇತುಹಾಕಿದ್ದ ಥರ್ಮಾಮೀಟರ್ ಇನ್ನೂ ಅಲ್ಲೇ ಇದೆ. ಹುಳಕ್ಕೆ 28 ಡಿಗ್ರಿ ದಾಟಬಾರದು ಅಂತ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದರು. ಯೂರಿಯಾಗೂ ಅದೇ ಹವೆ ಸರಿ. ಕಳೆದ ಮೇನಲ್ಲಿ ಶೆಡ್ 43 ತೋರಿಸಿದಾಗ ಅಲ್ಲಿ 29 ಇತ್ತು.

ಚಳಿಯ ಭಯ ನಮ್ಮೂರಲ್ಲಿ ಇಲ್ಲ. ಆದರೆ ಬಾಗೇಪಲ್ಲಿ ದಾಟುವ 44ನೇ ಹೆದ್ದಾರಿಯೇ ಶ್ರೀನಗರಕ್ಕೂ ಹೋಗುತ್ತದೆ. ಕಳೆದ ಜನವರಿ ಅಲ್ಲಿಗೆ ಲೋಡ್ ಸಿಕ್ಕಿದಾಗ ಡ್ರೈವರ್ ಹೆದರಿದ್ದ. ಮೈನಸ್ 11 ಡಿಗ್ರಿ ತನಕ ಇದು ಗಡ್ಡೆ ಕಟ್ಟಲ್ಲ ಅಂತ ಹೇಳಿದೆ. ಕಟ್ಟಿದರೂ ಕರಗಿದ ಮೇಲೆ ಮೊದಲಿನ ಹಾಗೇ ಆಗುತ್ತದೆ. ಎಂಜಿನ್ ಸ್ಟಾರ್ಟ್ ಆದರೆ ಅದರ ಬಿಸಿಯಲ್ಲೇ ಟ್ಯಾಂಕಿನೊಳಗಿನ ಗಡ್ಡೆ ಕರಗುತ್ತದೆ, ಬಿಸಿನೀರು ಹುಯ್ಯಬಾರದು. ಗಡ್ಡೆ ಕಟ್ಟುವಾಗ ಸುಮಾರು ನೂರಕ್ಕೆ 7 ಪಾಲು ಉಬ್ಬುವುದರಿಂದ ಟ್ಯಾಂಕ್ ಕಂಠಪೂರ್ತಿ ತುಂಬಿಸಬೇಡ, ಬಿಡಿ ಬಕೆಟ್ ಕ್ಯಾಬಿನ್ ಒಳಗಿಟ್ಟುಕೋ ಅಂದೆ. ಅವನು ಹಾಗೇ ಮಾಡಿದ. ತೊಂದರೆ ಆಗಲಿಲ್ಲ.

ವಾಪಸ್ ಬರುವಾಗ ನಾಗಪುರದಲ್ಲಿ ನಿಂತು ಫೋನ್ ಮಾಡಿದ. “ಅಣ್ಣಾ, ಇಲ್ಲಿ ಬಿಸಿಲು ಶುರುವಾಗಿದೆ. ಬಕೆಟ್ ನೆರಳಿಗಿಟ್ಟಿದ್ದೀನಿ.”