ಪಳ್ಳದ ಹಕ್ಕಿ ಫೋಟೋ ಮಸುಕಾಗಿದ್ದು ಲೆನ್ಸಿನಿಂದಲ್ಲ

ಕಾಸರಗೋಡಿನ ಕುಂಬಳೆ ಹತ್ತಿರದ ಕಿದೂರಿನಂಥ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವುಗಳಲ್ಲಿ, ಅಂದರೆ ಬಯಲು ಗುಡ್ಡಗಳಲ್ಲಿ, ಹಕ್ಕಿ ಫೋಟೋ ತೆಗೆಯುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಪಳ್ಳದ (ಕಲ್ಲಿನ ನಡುವೆ ನೀರು ನಿಲ್ಲುವ ಹೊಂಡದ) ಆಚೆ ದಡದ ಹಳದಿ ಟಿಟ್ಟಿಭ ಹಕ್ಕಿ ನನ್ನ 400 ಎಂಎಂ ಲೆನ್ಸಿನಲ್ಲಿ ಯಾವಾಗಲೂ ಮಸುಕು. ಶಟರ್ ವೇಗ 1/2000 ಸೆಕೆಂಡ್ ಇಟ್ಟೆ, ಟ್ರೈಪಾಡ್ ಹಾಕಿದೆ. ಗರಿಯ ಅಂಚು ಮಾತ್ರ ಮೂಡಲೇ ಇಲ್ಲ. ಲೆನ್ಸ್ ರಿಪೇರಿಗೆ ಕೊಡಿ ಅಂದರು ಅಂಗಡಿಯವರು. ಆದರೆ ಮನೆಯಂಗಳದ ಪಿಕಳಾರವನ್ನು ಅದೇ ಲೆನ್ಸ್ ಚೊಕ್ಕವಾಗಿ ಹಿಡಿಯುತ್ತಿತ್ತು! ಹಾಗಾದರೆ ತೊಂದರೆ ಇರುವುದು ಜಾಗದಲ್ಲಿ, ಅಲ್ವಾ?

ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಹಕ್ಕಿಯನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಒಲೆ ಮೇಲಿನ ಗಾಳಿಯಂತೆ ಚಿತ್ರ ಅಲುಗಾಡುತ್ತಿತ್ತು. ಬಿಸಿಲಿಗೆ ಮುರಕಲ್ಲು ಬೇಗ ಕಾಯುತ್ತದೆ. ಅದರ ಮೇಲಿನ ಬಿಸಿಗಾಳಿ ಎದ್ದು ತಂಪು ಗಾಳಿಯೊಂದಿಗೆ ಕಲೆಯುವಾಗ ಬೆಳಕು ಒಂದೊಂದು ಕಡೆ ಒಂದೊಂದು ಥರ ಬಾಗುತ್ತದೆ. ದೂರ ಹೆಚ್ಚಿದಷ್ಟೂ ಮಸುಕು ಜಾಸ್ತಿ. ಎಷ್ಟು ದುಬಾರಿ ಲೆನ್ಸ್ ತಂದರೂ ಇದು ಹೋಗುವುದಿಲ್ಲ, ಸುಮ್ನೆ ದುಡ್ಡು ಸುರಿಯಬೇಡಿ.

ಈಗ ಬೆಳಕು ಹರಿಯುವ ಮೊದಲೇ ಹೋಗಿ ಪೊದೆಯ ಮರೆಯಲ್ಲಿ ಕೂರುತ್ತೇನೆ. ಅಲುಗಾಡದೆ ಕೂತರೆ ಹಕ್ಕಿಗಳೇ ನೀರಿಗೆ ಹತ್ತಿರ ಬರುತ್ತವೆ. ನನಗೂ ಹಕ್ಕಿಗೂ ನಡುವೆ ಕಲ್ಲಿಗಿಂತ ನೀರು ಜಾಸ್ತಿ ಇರುವಂತೆ ಜಾಗ ಆರಿಸುತ್ತೇನೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ಮೋಡದ ದಿನ ಇನ್ನೂ ಒಳ್ಳೆಯದು. ಕಲ್ಲು ಬಿಸಿಯಾಗುತ್ತಿದ್ದಂತೆ ದೂರದ ಫೋಟೋ ನಿಲ್ಲಿಸುತ್ತೇನೆ. ಗರಿಗಳು ಈಗ ಒಂದೊಂದಾಗಿ ಕಾಣುತ್ತವೆ, ಬಹಳ ಖುಷಿಯಾಗಿದೆ.

ಬೇಸಿಗೆಯಲ್ಲಿ ಕೂರುವ ಮೊದಲು ನೆಲ ನೋಡಿಕೊಳ್ಳಿ. ಟಿಟ್ಟಿಭ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ, ಕಲ್ಲಿನ ನಡುವೆ ಅದು ಕಣ್ಣಿಗೆ ಬೀಳುವುದೇ ಇಲ್ಲ.