ಬಿಲ್ ಪುಸ್ತಕದಲ್ಲಿ ದೂರು

ನಾನು ನಮ್ಮ ಕಾಲೇಜಿನ ಆಂತರಿಕ ದೂರು ಸಮಿತಿಯ, ಅಂದರೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯ, ಅಧ್ಯಕ್ಷೆಯಾಗಿ ಮೂರು ವರ್ಷ ಆಯಿತು. ಮೊದಲ ವರ್ಷ ಬಂದ ದೂರು ಸೊನ್ನೆ. ಮೀಟಿಂಗಿನಲ್ಲಿ ಎಲ್ಲರಿಗೂ ಖುಷಿ, ನನಗೆ ಮಾತ್ರ ಭಯ.

ದೂರು ಪೆಟ್ಟಿಗೆ ಇದ್ದದ್ದು ಪ್ರಿನ್ಸಿಪಾಲರ ಕೋಣೆ ಎದುರು, ಸಿಸಿಟಿವಿ ಕೆಳಗೆ. ಯಾರು ಹಾಕುತ್ತಾರೆ? ಗೂಗಲ್ ಫಾರ್ಮ್ ಮಾಡಿದೆ. ಅದು ಇಮೇಲ್ ಕೇಳಿತು, ಹುಡುಗಿಯರು ಅಲ್ಲೇ ಬಿಟ್ಟರು. ಜುಲೈ ಮಳೆಗೆ ಕರೆಂಟ್ ಹೋದರೆ ನಮ್ಮಲ್ಲಿ ನೆಟ್‌ವರ್ಕೂ ಇರಲ್ಲ. ಪೋಸ್ಟರಿಗೆ ಮೂರು ಸಾವಿರದಷ್ಟು ಹೋಯಿತು, ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಉದುರಿದವು.

ಇವೆಲ್ಲ ಬಿಡಿ. ಒಬ್ಬ ಹುಡುಗಿ ಮಳೆ ರಜೆ, ಪರೀಕ್ಷೆ ಎಲ್ಲ ಮುಗಿದು, ಘಟನೆ ನಡೆದ ನಾಲ್ಕನೇ ತಿಂಗಳಲ್ಲಿ ಬಂದಳು. ದೂರು ಕೊಡಲು ಇರುವುದು ಮೂರು ತಿಂಗಳು. "ಮೂರು ತಿಂಗಳು ದಾಟಿದೆಯಲ್ಲಮ್ಮ" ಎಂದು ವಾಪಸ್ ಕಳಿಸಿದೆವು. ಕಾರಣ ಬರೆದು ಇನ್ನೂ ಮೂರು ತಿಂಗಳು ಕೊಡಬಹುದು ಎಂದು ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲೂ ಇದೆ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದಲ್ಲೂ ಇದೆ. ನಾನು ಓದಿದ್ದೆ. ಆ ದಿನ ಹೊಳೆಯಲಿಲ್ಲ. "ಮೇಡಂ, ನಾನು ಅವತ್ತೇ ಹಾಸ್ಟೆಲಿನಲ್ಲಿ ಹೇಳಿದ್ದೆ" ಎಂದಳು. ಹೇಳಿದ್ದಕ್ಕೆ ಅವಳ ಕೈಯಲ್ಲಿ ಒಂದು ಚೀಟಿ ಇರಲಿಲ್ಲ. ಟಿಸಿ ತಗೊಂಡು ಹೋದಳು.

ಆ ಚೀಟಿಯೇ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗೋಣಿಕೊಪ್ಪದಲ್ಲಿ ನಂಬರ್ ಹಾಕಿದ ಬಿಲ್ ಪುಸ್ತಕ ಮಾಡಿಸಿದೆ. ಐದಕ್ಕೆ ಒಂಬೈನೂರು ಚಿಲ್ಲರೆ. ಒಂದು ಲೈಬ್ರರಿಯಲ್ಲಿ, ಒಂದು ಹಾಸ್ಟೆಲಿನಲ್ಲಿ, ಒಂದು ನಮ್ಮ ಅಟೆಂಡರ್ ಅಕ್ಕನ ಹತ್ತಿರ. ಅದರಲ್ಲಿ ಬರೆಯುವುದು ಏನಾಯಿತು, ಎಲ್ಲಿ, ಯಾವತ್ತು, ಯಾರು ನೋಡಿದರು, ಅಷ್ಟೇ. ಮೇಲಿನ ಹಾಳೆ ಅಂಟಿಸಿದ ಕವರಿನಲ್ಲಿ ನನಗೆ, ಕಾರ್ಬನ್ ಪ್ರತಿ ಸಹಿ ಸಮೇತ ಅವಳಿಗೆ. ಪುಸ್ತಕದಲ್ಲಿ ಉಳಿಯುವುದು ನಂಬರ್, ತಾರೀಕು ಮಾತ್ರ. ಕರೆಂಟ್ ಬೇಡ, ಜೆರಾಕ್ಸ್ ಬೇಡ.

"ಇದೇನು ದಿನಸಿ ಅಂಗಡಿಯಾ?" ಎಂದರು ಸಹೋದ್ಯೋಗಿಗಳು.

ಒಂದು ವಿಷಯದಲ್ಲಿ ಎಡವುತ್ತಿದ್ದೆವು. ಬಳಸಿದ ಕಾರ್ಬನನ್ನು ಬೆಳಕಿಗೆ ಹಿಡಿದರೆ ಬರೆದದ್ದೆಲ್ಲ ಓದಬಹುದು! ಸುಮ್ನೆ ನನ್ನ ಹೆಸರು ಬರೆದು ನೋಡುವಾಗ ಗೊತ್ತಾಯಿತು. ಈಗ ಒಂದು ದೂರಿಗೆ ಒಂದು ಕಾರ್ಬನ್, ಆಮೇಲೆ ಒಲೆಗೆ.

ಪುಸ್ತಕ ಇಟ್ಟ ಮೊದಲ ಆರು ತಿಂಗಳಲ್ಲಿ ಒಂಬತ್ತೋ ಹತ್ತೋ ಚೀಟಿ ಬಂದವು. ನಾಲ್ಕು ಪೂರ್ತಿ ದೂರಾದವು, ನಾಲ್ಕೂ 90 ದಿನದೊಳಗೆ ಮುಗಿದವು. ಸಮಿತಿಯಲ್ಲಿರುವ ಕಾಲೇಜಿನ ಹೊರಗಿನ ಸದಸ್ಯೆ ಮೈಸೂರಿನಿಂದ ಬರುತ್ತಾರೆ. ನಿಯಮದ ಪ್ರಕಾರ ಅವರಿಗೆ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣದ ಖರ್ಚು. ಬಸ್ ದುಡ್ಡು ತಡವಾದಾಗ ನಾನೇ ಕೈಯಿಂದ ಕೊಟ್ಟೆ. ವಿಚಾರಣೆ ನಿಲ್ಲಬಾರದು ಅಲ್ವಾ?

ಉಳಿದವರಿಗೆ ದೂರು ಬೇಕಿರಲಿಲ್ಲ. ಆದರೆ ಮೂರು ಚೀಟಿಯಲ್ಲಿ ಒಂದೇ ಜಾಗ ಇತ್ತು, ಹಾಸ್ಟೆಲಿನಿಂದ ಬಸ್ ಸ್ಟಾಪಿಗೆ ತೋಟದ ಬೇಲಿ ಪಕ್ಕದ ದಾರಿ. ಅಲ್ಲಿಗೆ ಸೋಲಾರ್ ದೀಪ ಹಾಕಿಸಿದೆವು. ಸಂಜೆ ಬಸ್ಸಿನ ಹೊತ್ತಿಗೆ ಇಬ್ಬರು ಸ್ಟಾಫ್ ಜೊತೆಗೆ ನಡೆಯುತ್ತಾರೆ. ನಡುವೆ ಎಲ್ಲರಿಗೂ ವಿಷಲ್ ಕೊಟ್ಟೆ, ಒಂದಕ್ಕೆ ನಲವತ್ತು ರೂಪಾಯಿ. ಯಾರೂ ಊದಲಿಲ್ಲ, ಕೊನೆಗೆ ಹಾಕಿ ಆಟದ ಮೈದಾನ ಸೇರಿದವು. ದೀಪವೇ ಜಾಸ್ತಿ ಕೆಲಸ ಮಾಡಿತು.

ಪುಸ್ತಕ ಯಾವ ನೆಪದಲ್ಲಿ ಹುಡುಗಿಯ ಕೈ ಸೇರುತ್ತದೆ ಎಂದು ಇಲ್ಲಿ ಬರೆಯಲ್ಲ. ದೂರು ತಡೆಯುವವರೂ ಓದುತ್ತಾರೆ. ಬೇರೆ ಕಾಲೇಜಿನ ಸಮಿತಿಯವರು ಬಂದು ಕೇಳಿ, ಹೇಳುತ್ತೇನೆ.

ಅಂಗಡಿ ಎಂದವರೇ ಈಗ ತಮ್ಮ ವಿಭಾಗಕ್ಕೂ ಒಂದು ಕೇಳಿದ್ದಾರೆ. ಜೂನ್‌ಗೆ ಹತ್ತು ಪುಸ್ತಕ ಹೇಳಿದ್ದೇನೆ. ಹಾಸ್ಟೆಲಿನದ್ದಕ್ಕೆ ಪ್ಲಾಸ್ಟಿಕ್ ಕವರ್ ಬೇಕು, ಹೋದ ಮಳೆಗೆ ಅಂಚು ಒದ್ದೆಯಾಗಿತ್ತು.