ಪತ್ತನಾಜೆಗೆ ಮುಂಚೆ ಹಳೆ ಗೇಮ್ ಕ್ಯಾಸೆಟ್‌ಗಳನ್ನು ಒಣಗಿಸಿಡಿ

ನಮ್ಮ ಕಾಸರಗೋಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಅದರೊಳಗೆ 90ರ ದಶಕದಲ್ಲಿ ಗಲ್ಫಿನಿಂದ ಬಂದ ಟಿವಿ ಗೇಮ್, ಎರಡು ರಿಮೋಟು, ಹತ್ತಿಪ್ಪತ್ತು ಕ್ಯಾಸೆಟ್. ನಮ್ಮ ಮನೆಗೆ ಅದನ್ನು ತಂದದ್ದು ಸೋದರಮಾವ. ಮಾವ ಬಂದ ರಾತ್ರಿ ಪೆರ್ಲದ ಮನೆಯ ಚಾವಡಿಯಲ್ಲಿ ಹನ್ನೊಂದು ಮಂದಿ ಮಕ್ಕಳು ಸರದಿ ಕಾದು ಮಾರಿಯೋ ಆಡಿದ್ದೆವು. ಆಮೇಲೆ ಪೆಟ್ಟಿಗೆ ಅಟ್ಟ ಸೇರಿತು. ಹತ್ತು ವರ್ಷ ಬಿಟ್ಟು ಒಂದು ಆಟಿ ತಿಂಗಳಲ್ಲಿ ಬಿಚ್ಚಿ ನೋಡಿದರೆ ಕ್ಯಾಸೆಟ್‌ಗಳ ಮೇಲೆಲ್ಲ ಬಿಳಿ ಬೂಸ್ಟು, ಪಿನ್ನುಗಳಲ್ಲಿ ಹಸಿರು ಕಿಲುಬು. ಆರು ಕ್ಯಾಸೆಟ್ ಮತ್ತೆ ಓಡಲೇ ಇಲ್ಲ.

ಅವನ್ನು ಕೆಡಿಸಿದ್ದು ತೇವ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಂ ಎಂಬ ಟಿವಿ ಗೇಮ್ ಮಷೀನ್ ಬಿಟ್ಟಿತು. ಅದರ ಕ್ಯಾಸೆಟ್‌ಗಳು ಒಣ ಜಾಗದಲ್ಲಿ ಇಟ್ಟವರ ಹತ್ತಿರ ಇವತ್ತಿಗೂ ಓಡುತ್ತವೆ. ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಇದರ ಜೊತೆ ಉಪ್ಪು ಗಾಳಿಯೂ ಉಂಟು. ಹಾಗಾಗಿ ಈ ಕೆಲಸವನ್ನು ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಮುಗಿಸಿ. ಒಮ್ಮೆ ಮಳೆ ಹಿಡಿದರೆ ಒಣ ಗಾಳಿ ಸಿಗುವುದು ಕಷ್ಟ.

ಮೊದಲು ಒರೆಸಿ, ಒಣಗಿಸಿ

ಎಲ್ಲವನ್ನೂ ರಟ್ಟಿನಿಂದ ಹೊರಗೆ ತೆಗೆಯಿರಿ. ಬೂಸ್ಟು ಇದ್ದರೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಜಗಲಿಯಲ್ಲಿ ಒರೆಸಿ, ಮನೆಯೊಳಗೆ ಬೇಡ.

ಪಿನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಶೇ. 99ರದ್ದು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಶೇ. 70ರದ್ದರಲ್ಲಿ ಉಳಿದದ್ದು ಹೆಚ್ಚಾಗಿ ನೀರು, ಅದು ಬೇಡ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಅದ್ದಿ, ಪಿನ್ನುಗಳ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಕಡ್ಡಿ ಕಪ್ಪಾಗುವುದು ನಿಂತ ಮೇಲೆ ನಿಲ್ಲಿಸಿ. ಇದಕ್ಕೆ ಬೇಗ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಕೂರಬೇಡಿ.

ನಾವೆಲ್ಲ ಕ್ಯಾಸೆಟ್‌ಗೆ ಉಫ್ ಎಂದು ಊದಿಯೇ ಬೆಳೆದವರು, ಅಲ್ವಾ? ಇನ್ನು ಊದಬೇಡಿ. ಉಸಿರಿನ ತೇವ ಪಿನ್ನಿನ ಮೇಲೆ ಕೂತು ನಿಧಾನವಾಗಿ ಕಿಲುಬು ತರುತ್ತದೆ. ಊದಿದಾಗ ಓಡುತ್ತಿದ್ದದ್ದು ಹೆಚ್ಚಾಗಿ ಕ್ಯಾಸೆಟ್ಟನ್ನು ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದರಿಂದ.

ಒರೆಸಿದ್ದನ್ನು ಅಡಿಕೆಯಂತೆ ಅಂಗಳದಲ್ಲಿ ಹರಡಬೇಡಿ. ಈ ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಿರಲಿ ಎಂದು ಹಲವು ಕಂಪನಿಗಳು ಬ್ರೋಮಿನ್ ಇರುವ ರಾಸಾಯನಿಕ ಸೇರಿಸುತ್ತಿದ್ದವು. ಅಂಥದ್ದು ಬಿಸಿಲಿಗೆ ಬೇಗ ಹಳದಿ ಆಗುತ್ತದೆ. ನೆರಳಿನಲ್ಲಿ, ಫ್ಯಾನ್ ಕೆಳಗೆ ಎರಡು ದಿನ ಇಡಿ.

ಡಬ್ಬಿ

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು, ಮುಚ್ಚಳದ ಸುತ್ತ ರಬ್ಬರ್ ಇರಬೇಕು. ನಾನು ಮೊದಲ ಸಲ ಡಬ್ಬಿ ತುಂಬುವಾಗ ಅಮ್ಮ ಹೇಳಿದ್ದು ಒಂದೇ ಮಾತು: “ಒಣಗದ ಹಪ್ಪಳ ಡಬ್ಬಿಗೆ ಹಾಕಿದ್ರೆ ಒಳಗೇ ಬೂಸ್ಟು ಬರ್ತದೆ ಮಗಾ.” ಇಲ್ಲಿಯೂ ಹಾಗೆಯೇ. ತೇವವನ್ನು ಒಳಗಿಟ್ಟು ಮುಚ್ಚಿದರೆ ಸುಮ್ನೆ ತೆರೆದಿಟ್ಟದ್ದಕ್ಕಿಂತ ಜಾಸ್ತಿ ಹಾಳು.

ಒಳಗೆ ಸಿಲಿಕಾ ಜೆಲ್ ಹಾಕಿ. ನನ್ನ 20 ಲೀಟರ್ ಡಬ್ಬಿಗೆ 200 ಗ್ರಾಂ ಹಾಕುತ್ತೇನೆ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ. ಕಿತ್ತಳೆ ಬಣ್ಣದ್ದು ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದ್ದು ಗುಲಾಬಿ ಆಗುತ್ತದೆ, ಆದರೆ ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯೇ ಒಳ್ಳೆಯದು. ಬಣ್ಣ ಬದಲಾದರೆ ಬಿಸಾಡಬೇಡಿ. ಸುಮಾರು 120 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ಅಡುಗೆಯ ಪಾತ್ರೆ ಮಾತ್ರ ಬಳಸಬೇಡಿ. ಅಕ್ಕಿ ಹಾಕುವವರಿದ್ದಾರೆ. ಅಕ್ಕಿ ತೇವ ಎಳೆಯುವುದಕ್ಕಿಂತ ಹುಳ ಕರೆಯುವುದೇ ಜಾಸ್ತಿ.

ಒಂದು ಪುಟ್ಟ ತೇವಮಾಪಕವನ್ನೂ ಡಬ್ಬಿಯೊಳಗೆ ಇಡಿ. ಶೇ. 40ರಿಂದ 50ರ ಒಳಗೆ ತೋರಿಸಿದರೆ ನೆಮ್ಮದಿ. ಶೇ. 65 ದಾಟಿದರೆ ಬೂಸ್ಟಿಗೆ ದಾರಿ ಆಯಿತು.

ನುಸಿ ಗುಳಿಗೆ ಬೇಡ. ಅದರ ಆವಿ ಕೆಲವು ಜಾತಿಯ ಪ್ಲಾಸ್ಟಿಕನ್ನು ಮೆತ್ತಗೆ ಮಾಡುತ್ತದೆ. ರಿಮೋಟಿನ ವಯರನ್ನು ಮಷೀನಿಗೆ ಸುತ್ತಿಡುವ ಅಭ್ಯಾಸವೂ ಬೇಡ. ವಯರಿನ ಪಿವಿಸಿಯಿಂದ ಎಣ್ಣೆಯಂಥ ಅಂಶ ಬಿಟ್ಟು ಮಷೀನಿನ ಮೈಗೆ ಕರಗಿದ ಗೆರೆ ಬೀಳುತ್ತದೆ, ಅದು ಹೋಗುವುದಿಲ್ಲ. ವಯರನ್ನು ಸಡಿಲವಾಗಿ ಸುತ್ತಿ ಬೇರೆ ಚೀಲಕ್ಕೆ ಹಾಕಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಕರಗಿ ಅಂಟುತ್ತದೆ.

ಡಬ್ಬಿಯನ್ನು ಅಟ್ಟದ ಬದಲು ಕೋಣೆಯ ಕಪಾಟಿನಲ್ಲಿ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಡಿ. ಗೆದ್ದಲಿನ ಮಾತು ನಿಮಗೆ ಹೇಳಬೇಕಾಗಿಲ್ಲ.

ಬ್ಯಾಟರಿ

ಗೇಮ್ ಬಾಯ್‌ನಂಥ ಕೈಯಾಟಿಕೆಗಳಿಂದ ಬ್ಯಾಟರಿ ತೆಗೆದೇ ಇಡಿ, ಒಂದು ತಿಂಗಳ ಮಟ್ಟಿಗೆ ಆದರೂ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ, ಹತ್ತಿಕಡ್ಡಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಹಾಕಿ ಒರೆಸಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ.

ಆಟ ಎಲ್ಲಿಗೆ ನಿಂತಿತ್ತೆಂದು ನೆನಪಿಡುವ ಕ್ಯಾಸೆಟ್‌ಗಳೂ ಉಂಟು. ಅಂಥ ಹಲವುಗಳ ಒಳಗೆ 3 ವೋಲ್ಟಿನ ಬಟನ್ ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್2032. ಅದು ಸತ್ತರೆ ಆಟ ಓಡುತ್ತದೆ, ಉಳಿಸಿದ್ದು ಅಳಿಸಿಹೋಗುತ್ತದೆ. ಸೆಲ್ ಬದಲಿಸುವಾಗಲೂ ಅಳಿಸುತ್ತದೆ, ಅದು ಗೊತ್ತಿದ್ದೇ ಕೈ ಹಾಕಿ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಾರದು, ಸಿಡಿಯಬಹುದು. ಪಟ್ಟಿ ಹಚ್ಚಿದ ಸೆಲ್ಲೇ ಸಿಗುತ್ತದೆ. ಬೆಸುಗೆ ಬಾರದಿದ್ದರೆ ಮೊಬೈಲ್ ರಿಪೇರಿಯವರ ಹತ್ತಿರ ಮಾಡಿಸಿ.

ಸಿಡಿ

ಸಿಡಿಯ ಅಂಚು ಹಿಡಿಯಿರಿ. ಒರೆಸುವುದಾದರೆ ನಡುವಿನಿಂದ ಹೊರಕ್ಕೆ ನೇರವಾಗಿ, ಸುತ್ತ ತಿರುಗಿಸಿ ಅಲ್ಲ. ಹೆಚ್ಚಿನವರು ಹೊಳೆಯುವ ಬದಿಯನ್ನೇ ಕಾಪಾಡುತ್ತಾರೆ. ನಿಜಕ್ಕೂ ನಾಜೂಕು ಬದಿ ಚಿತ್ರ ಇರುವುದು. ಅದರ ತೆಳು ಪದರದ ಕೆಳಗೇ ಅಲ್ಯೂಮಿನಿಯಂ ಇದೆ, ಅಲ್ಲಿ ಗೀರಿದರೆ ಆಟ ಹೋಯಿತು.

ಕರೆಂಟು

ಜಪಾನಿನ ಮಷೀನಿನ ಅಡಾಪ್ಟರ್ 100 ವೋಲ್ಟಿಗೆ ಮಾಡಿದ್ದು, ಅಮೆರಿಕದ್ದು 120ಕ್ಕೆ. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಸುಡುತ್ತದೆ. ಬೇರೆ ಅಡಾಪ್ಟರ್ ಕೊಳ್ಳುವಾಗ ವೋಲ್ಟ್ ಮಾತ್ರ ನೋಡಿದರೆ ಸಾಲದು. ಫ್ಯಾಮಿಕಾಂನ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್. ಈಗಿನ ಬಹಳಷ್ಟು ಅಡಾಪ್ಟರ್‌ಗಳಲ್ಲಿ ಇದು ತಿರುಗಾಮುರುಗಾ.

ಮೂರು ತಿಂಗಳಿಗೊಮ್ಮೆ ಮಷೀನನ್ನು ಅರ್ಧ ಗಂಟೆ ಓಡಿಸಿ. ಒಳಗಿನ ಕೆಪಾಸಿಟರ್‌ಗಳಿಗೆ ಅದು ಒಳ್ಳೆಯದು, ಏನಾದರೂ ಕೆಟ್ಟಿದ್ದರೆ ಬೇಗ ಗೊತ್ತಾಗುತ್ತದೆ. ಆಡಿ ಮುಗಿದ ಕೂಡಲೇ ಪ್ಲಗ್ ಮತ್ತು ಕೇಬಲ್ ಟಿವಿಯ ವಯರು ಎರಡನ್ನೂ ಕಳಚಿ. ಮಳೆಗಾಲಕ್ಕೆ ಮುಂಚಿನ ಸಂಜೆ ಗುಡುಗು, ತುಲಾ ತಿಂಗಳ ಗುಡುಗು ಸ್ವಿಚ್ ಆಫ್ ಇದೆ ಎಂದು ಬಿಡುವುದಿಲ್ಲ.

ಇನ್ನು ಆ ದಪ್ಪ ಹಳೆ ಟಿವಿ. ಅದನ್ನು ಗುಜರಿಗೆ ಕೊಡಬೇಡಿ. ಡಕ್ ಹಂಟ್‌ನಲ್ಲಿ ಬಾತುಕೋಳಿಗೆ ಗುರಿ ಇಡುವ ಆ ಪಿಸ್ತೂಲು, ಪಿಕ್ಚರ್ ಟ್ಯೂಬ್ ಬೆಳಗುವ ಹೊತ್ತನ್ನು ನೋಡಿ ಗುರಿ ಹಿಡಿಯುತ್ತದೆ. ಹೊಸ ಎಲ್‌ಸಿಡಿ ಟಿವಿಯಲ್ಲಿ ಎಷ್ಟು ಗುಂಡು ಹೊಡೆದರೂ ಹಕ್ಕಿ ಬೀಳದು. ಟಿವಿಯ ಹಿಂಬದಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಆಫ್ ಮಾಡಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಮೇಲೆ ಹತ್ತಿಬಟ್ಟೆ ಹೊದೆಸಿ, ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಸಾಕು.